ಚೀಲ ಕಟ್ಟಿಕೊಂಡು ಕೆಲಸಕ್ಕೆ

ಗುದನಾಳದ ಕ್ಯಾನ್ಸರಿಗೆ ಆಪರೇಶನ್ ಆಗಿ ಮನೆಗೆ ಬಂದವರ ಬಗ್ಗೆ ಹುಬ್ಬಳ್ಳಿ-ಧಾರವಾಡದ ಕಡೆ ಜನ ದನಿ ತಗ್ಗಿಸಿ ಒಂದು ಮಾತು ಹೇಳುತ್ತಾರೆ: ‘ಹೊಟ್ಟಿಗೆ ಚೀಲಾ ಹಾಕ್ಯಾರಂತ.’ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ಹಂಗಾರ ಇನ್ನ ನೌಕರಿ ಗತಿ?’ ಜೀವ ಉಳಿಯಿತೇ ಎಂಬುದು ವೈದ್ಯರ ಪ್ರಶ್ನೆ. ನೌಕರಿ ಉಳಿಯಿತೇ ಎಂಬುದು ಮನೆಯವರ ಪ್ರಶ್ನೆ. ಮೊದಲನೆಯದಕ್ಕೆ ಶಸ್ತ್ರವೈದ್ಯರು ಸುಮಾರು ನೂರು ವರ್ಷಗಳ ಹಿಂದೆಯೇ ಒಂದು ಉತ್ತರ ಹುಡುಕಿದರು. ಎರಡನೆಯದಕ್ಕೆ ಉತ್ತರ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಅದನ್ನು ಕೊಟ್ಟವರಲ್ಲಿ ಹೆಚ್ಚಿನವರು ಶಸ್ತ್ರವೈದ್ಯರಲ್ಲ; ದಾದಿಯರು, ರೋಗಿಗಳು ಮತ್ತು ಪ್ಲಾಸ್ಟಿಕ್ ಮಾಡುವವರು.

ಮೊದಲು ವಿಷಯವೇನೆಂದು ನೋಡಬೇಕು. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ, ಮಲದ್ವಾರಕ್ಕೆ ತೀರ ಹತ್ತಿರ ಗಡ್ಡೆ ಬೆಳೆದರೆ ಆ ಭಾಗವನ್ನು ಪೂರ್ತಿ ತೆಗೆಯದೆ ಗತಿಯಿಲ್ಲ. ಆಗ ಮಲ ಹೊರಹೋಗಲು ಬೇರೆ ದಾರಿ ಬೇಕು. ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯಿಂದ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ಆ ತೂತಿಗೆ ವೈದ್ಯರು ಇಟ್ಟ ಹೆಸರು ಸ್ಟೋಮಾ. ಗ್ರೀಕ್ ಭಾಷೆಯಲ್ಲಿ ಇದಕ್ಕೆ ಬಾಯಿ ಎಂದೇ ಅರ್ಥ. ನೋಡಲು ಕೆಂಪಗೆ, ಒದ್ದೆಯಾಗಿ, ತುಟಿಯ ಒಳಬದಿಯಂತೆ ಇರುತ್ತದೆ. ಮುಟ್ಟಿದರೆ ನೋವಿಲ್ಲ. ಆದರೆ ಅದಕ್ಕೆ ಬಿಗಿಹಿಡಿಯುವ ಸ್ನಾಯುವೂ ಇಲ್ಲ. ಮಲವಾಗಲಿ ವಾಯುವಾಗಲಿ ಹೇಳಿ ಕೇಳಿ ಬರುವುದಿಲ್ಲ. ಹಾಗಾಗಿ ಅದರ ಮೇಲೆ ಸದಾ ಒಂದು ಚೀಲ. ಮೂತ್ರಕೋಶದ ಕ್ಯಾನ್ಸರಿನಲ್ಲಿ ಮೂತ್ರಕ್ಕೂ ಇಂಥದೇ ದಾರಿ ಮಾಡುವುದುಂಟು. ಕೆಲವರಿಗೆ ಇದು ಕೆಲವು ತಿಂಗಳ ಮಾತು, ಒಳಗಿನ ಗಾಯ ಮಾಗಿದ ಮೇಲೆ ಮುಚ್ಚಿಬಿಡುತ್ತಾರೆ. ಉಳಿದವರಿಗೆ ಜೀವಮಾನದ ಸಂಗಾತಿ.

ಹೊಟ್ಟೆ ಸೀಳಿ ಕರುಳನ್ನು ಹೊರತೆಗೆಯುವ ಧೈರ್ಯ ನಮ್ಮಲ್ಲಿ ಹಳೆಯದು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಕರುಳು ಕಟ್ಟಿದವರಿಗೆ ಹೊಕ್ಕುಳ ಕೆಳಗೆ, ಎಡಬದಿಗೆ ಕೊಯ್ದು, ಕರುಳನ್ನು ಹೊರಕ್ಕೆಳೆದು, ಅಡ್ಡಿಯನ್ನು ತೆಗೆದು ಒಳಗಿಡುವ ವಿಧಾನವಿದೆ. ತೂತು ಬಿದ್ದ ಕರುಳಿಗೆ ದೊಡ್ಡ ಇರುವೆಗಳಿಂದ ಕಚ್ಚಿಸಿ, ಅವುಗಳ ತಲೆಯನ್ನಷ್ಟೇ ಹೊಲಿಗೆಯಂತೆ ಉಳಿಸುವ ಮಾತೂ ಅಲ್ಲಿಯೇ ಬರುತ್ತದೆ. ಇಂದು ಸ್ಟೋಮಾ ಮಾಡುವುದೂ ಬಹುಮಟ್ಟಿಗೆ ಅದೇ ಜಾಗದಲ್ಲಿ. ಹಾಗೆಂದು ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂದು ಬೀಗುವುದು ಸರಿಯಲ್ಲ. ಸುಶ್ರುತನ ಉದ್ದೇಶ ಕರುಳನ್ನು ಮರಳಿ ಒಳಗೆ ಸೇರಿಸುವುದಾಗಿತ್ತು, ಹೊರಗೇ ಉಳಿಸುವುದಲ್ಲ.

ಹೊರಗೇ ಉಳಿಸಬಹುದೆಂಬ ವಿಚಾರವನ್ನು 18ನೇ ಶತಮಾನದ ಆರಂಭದಲ್ಲಿ ಮುಂದಿಟ್ಟವನು ಫ್ರಾನ್ಸಿನ ಅಲೆಕ್ಸಿ ಲಿತ್ರೆ. ಮಲದ್ವಾರವೇ ಇಲ್ಲದೆ ಹುಟ್ಟಿ ಸತ್ತ ಒಂದು ಕೂಸಿನ ದೇಹವನ್ನು ಪರೀಕ್ಷಿಸಿದಾಗ ಅವನಿಗೆ ಇದು ಹೊಳೆಯಿತು. ವಿಚಾರ ಕಾಗದದ ಮೇಲೆಯೇ ದಶಕಗಳ ಕಾಲ ಉಳಿಯಿತು. 1793ರಲ್ಲಿ ಬ್ರೆಸ್ಟ್ ಪಟ್ಟಣದ ದ್ಯುರೆ ಎಂಬ ವೈದ್ಯ ಅಂಥದೇ ಒಂದು ಹಸುಗೂಸಿಗೆ ಹೊಟ್ಟೆಯ ಎಡಭಾಗದಲ್ಲಿ ದಾರಿ ಮಾಡಿದ. ಆ ಕೂಸು ಬೆಳೆದು ದೊಡ್ಡದಾಗಿ 45 ವರ್ಷ ಬದುಕಿತು. ಅರಿವಳಿಕೆ ಇಲ್ಲದ, ರೋಗಾಣುಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೂ ವೈದ್ಯರು ಅನೇಕ ವರ್ಷ ಇದಕ್ಕೆ ಹಿಂಜರಿದರು. ಇಂಥ ಬದುಕಿಗಿಂತ ಸಾವೇ ಮೇಲೆಂದು ರೋಗಿಯ ಪರವಾಗಿ ತಾವೇ ತೀರ್ಮಾನಿಸಿದವರೂ ಕಡಿಮೆಯಿರಲಿಲ್ಲ.

ಕ್ಯಾನ್ಸರಿನ ಮಟ್ಟಿಗೆ ನಿರ್ಣಾಯಕವಾದದ್ದು 1908. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಹೊಟ್ಟೆಯ ಕಡೆಯಿಂದಲೂ ಕೆಳಗಿನ ಕಡೆಯಿಂದಲೂ ಕೊಯ್ದು, ಗುದನಾಳವನ್ನು ಸುತ್ತಲ ಗ್ರಂಥಿಗಳ ಸಮೇತ ತೆಗೆಯುವ ಕ್ರಮವನ್ನು ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿದ. ಅವನ ಮೊದಲ 12 ರೋಗಿಗಳಲ್ಲಿ 5 ಮಂದಿ ಶಸ್ತ್ರಚಿಕಿತ್ಸೆಯಿಂದಲೇ ತೀರಿಕೊಂಡರು. ಉಳಿದವರಲ್ಲಿ ರೋಗ ಮರುಕಳಿಸುವುದು ಮಾತ್ರ ಹಿಂದೆಂದಿಗಿಂತ ಕಡಿಮೆಯಾಯಿತು. ರಕ್ತಪೂರಣ, ಆ್ಯಂಟಿಬಯಾಟಿಕ್ ಬಂದ ಮೇಲೆ ಸಾವೂ ಇಳಿಯಿತು. ಹೀಗೆ ಚರಿತ್ರೆಯಲ್ಲಿ ಮೊದಲ ಬಾರಿಗೆ ಹೊಟ್ಟೆಯ ಮೇಲೆ ಶಾಶ್ವತ ಸ್ಟೋಮಾ ಇರುವ, ರೋಗದಿಂದ ಬಿಡುಗಡೆ ಪಡೆದ, ಮುಂದೆ ಹತ್ತಿಪ್ಪತ್ತು ವರ್ಷ ಬಾಳಬೇಕಾದ ಜನರ ಒಂದು ವರ್ಗವೇ ಹುಟ್ಟಿತು.

ಅದೇ 1908ರ ಜನವರಿಯಲ್ಲಿ ಸದರ್ನ್ ಮರಾಠಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆ ಕೂಡಿ ಎಂ. ಅಂಡ್ ಎಸ್.ಎಂ. ರೈಲ್ವೆ ಆಯಿತು. ಹುಬ್ಬಳ್ಳಿಯ ವರ್ಕ್‌ಶಾಪು ಅದರ ಪಾಲಿಗೆ ಬಂತು. ಎರಡಕ್ಕೂ ಸಂಬಂಧವಿಲ್ಲ, ನಿಜ. ಆದರೆ ಈ ಭಾಗದ ರೋಗಿಗಳು ದೊಡ್ಡ ಆಸ್ಪತ್ರೆ ಕಂಡದ್ದು ಆ ಹಳಿಯ ಮೇಲೆಯೇ. ಧಾರವಾಡ ಜಿಲ್ಲೆ 1956ರ ತನಕ ಮುಂಬಯಿಗೆ ಸೇರಿತ್ತು. ದೊಡ್ಡ ಬೇನೆ ಎಂದರೆ ಮೊದಲು ಮಿರಜಿನ ಮಿಶನ್ ದವಾಖಾನೆ. ಅಲ್ಲಿಯೂ ಆಗದಿದ್ದರೆ ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿ. 1941ರ ಫೆಬ್ರುವರಿಯಲ್ಲಿ ಮುಂಬಯಿಯ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದ ಮೇಲೆ ಕ್ಯಾನ್ಸರ್ ಎಂಬ ಮಾತೂ ‘ಟಾಟಾಕ್ಕೆ ಒಯ್ದಾರ’ ಎಂಬ ಮಾತೂ ಇಲ್ಲಿ ಒಂದೇ ಆದವು. 1957ರಲ್ಲಿ ಹುಬ್ಬಳ್ಳಿಗೆ ಕರ್ನಾಟಕ ವೈದ್ಯಕೀಯ ಕಾಲೇಜು ಬಂತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾಯಿತು. ಎರಡೂ ಊರುಗಳ ನಡುವೆ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ತಲೆಯೆತ್ತಿದ ಮೇಲೆ ಅನೇಕರಿಗೆ ಮುಂಬಯಿಯ ದಾರಿ ತಪ್ಪಿತು.

ಆಪರೇಶನ್ ಆದ ಮೇಲೆ ಮನುಷ್ಯ ಏನು ಮಾಡಬೇಕು? ಈ ಶತಮಾನದ ನಡುವಿನ ತನಕ ಎಂದು ಬರೆಯುವ ಅಭ್ಯಾಸವನ್ನು ಈಗ ತಿದ್ದಿಕೊಂಡು, 20ನೇ ಶತಮಾನದ ನಡುವಿನ ತನಕ ಎನ್ನಬೇಕು: ಅಲ್ಲಿಯ ತನಕ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಅರಿವೆ, ಹತ್ತಿ, ಬೆಲ್ಟಿಗೆ ಕಟ್ಟಿದ ಲೋಹದ ಬಟ್ಟಲು, ರಬ್ಬರಿನ ಚೀಲ, ಇಷ್ಟೇ. ರಬ್ಬರು ವಾಸನೆ ಹಿಡಿಯುತ್ತಿತ್ತು. ಬಟ್ಟಲು ಜಾರುತ್ತಿತ್ತು. ಸೋರಿದ ಮಲ ಸುತ್ತಲ ಚರ್ಮವನ್ನು ಸುಟ್ಟಂತೆ ಮಾಡುತ್ತಿತ್ತು. ಮನೆಯ ಒಂದು ಕೋಣೆಯಲ್ಲಿ ಹೇಗೋ ದಿನ ತೆಗೆಯಬಹುದಿತ್ತು. ನಾಲ್ಕು ಜನರ ನಡುವೆ ಎಂಟು ತಾಸು ಕೂಡುವುದು ಆಗದ ಮಾತು. ಗಾಯ ಮಾಯ್ದ, ರೋಗ ಹೋದ ಮನುಷ್ಯ ಬರಿಯ ಸೋರಿಕೆಯ ಭಯಕ್ಕೆ ನಿವೃತ್ತನಾಗುತ್ತಿದ್ದ.

ಆ ಕಾಲದಲ್ಲಿಯೂ ಕೆಲಸಕ್ಕೆ ಮರಳಿದವರಲ್ಲಿ ಜಗತ್ತು ಬಲ್ಲ ಒಬ್ಬನೆಂದರೆ ಚಿತ್ರಕಾರ ಆಂರಿ ಮತೀಸ್. 1941ರ ಜನವರಿಯಲ್ಲಿ, 71ನೇ ವಯಸ್ಸಿನಲ್ಲಿ, ಲಿಯೋನ್ ನಗರದಲ್ಲಿ ಅವನಿಗೆ ಕರುಳಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಸ್ಟೋಮಾ ಬಂತು. ಚಿತ್ರದ ಚೌಕಟ್ಟಿನ ಮುಂದೆ ಬಹಳ ಹೊತ್ತು ನಿಲ್ಲುವ ಶಕ್ತಿ ಹೋಯಿತು. ಅವನು ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಕೂತು, ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸತೊಡಗಿದ. 1947ರಲ್ಲಿ ಬಂದ ‘ಜಾಝ್’ ಎಂಬ ಚಿತ್ರಸಂಪುಟ, 1951ರಲ್ಲಿ ಮುಗಿದ ವಾನ್ಸ್ ಊರಿನ ಪ್ರಾರ್ಥನಾ ಮಂದಿರ ಎಲ್ಲವೂ ಈ ಕಾಲದವು. 1954ರಲ್ಲಿ ತೀರಿಕೊಳ್ಳುವ ತನಕ ಸುಮಾರು 14 ವರ್ಷ ದುಡಿದ. ಆದರೆ ಮತೀಸನಿಗೆ ಮನೆಯೇ ಕಾರ್ಯಸ್ಥಾನ, ಕೈಗೆ ಸಹಾಯಕರು, ಹಾಜರಿ ಪುಸ್ತಕವಿಲ್ಲ. ಬೆಳಿಗ್ಗೆ ಎಂಟರ ಭೋಂಗಾ ಕೇಳಿ ಗೇಟಿನೊಳಗೆ ಹೋಗಬೇಕಾದವನಿಗೆ ಆ ಉದಾಹರಣೆ ಎಷ್ಟು ದೂರ ಬಂದೀತು?

ಮತೀಸ್ ತೀರಿಕೊಂಡ 1954ರಲ್ಲಿಯೇ ಡೆನ್ಮಾರ್ಕಿನಲ್ಲಿ ಎಲಿಸ್ ಸೋರೆನ್ಸನ್ ಎಂಬ ದಾದಿಗೆ ಒಂದು ಯೋಚನೆ ಹೊಳೆಯಿತು. ಅವಳ ತಂಗಿ ತೋರಾಳಿಗೆ 32ರ ವಯಸ್ಸಿಗೇ ಸ್ಟೋಮಾ ಆಗಿತ್ತು. ಸೋರೀತೆಂಬ ಅಂಜಿಕೆಗೆ ಆಕೆ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ತೆಳು ಪ್ಲಾಸ್ಟಿಕ್ ಚೀಲದ ಬಾಯಿಗೆ ಅಂಟು ಹಚ್ಚಿದ ಉಂಗುರ ಕೂಡಿಸಿ ನೇರ ಚರ್ಮಕ್ಕೇ ಅಂಟಿಸಿದರೆ? ಬಳಸಿ ಎಸೆದರೆ? ಆಗೆ ಲೂಯಿ-ಹಾನ್ಸೆನ್ ಎಂಬ ಪ್ಲಾಸ್ಟಿಕ್ ಕಾರ್ಖಾನೆಯ ಮಾಲೀಕ ಮೊದಲು ಒಲ್ಲೆನೆಂದ. ಅವನ ಹೆಂಡತಿಯೂ ದಾದಿ. ಆಕೆಗೆ ಇದರ ಮಹತ್ವ ತಕ್ಷಣ ತಿಳಿಯಿತು, ಗಂಡನನ್ನು ಒಪ್ಪಿಸಿದಳು. 1957ರಲ್ಲಿ ಕೊಲೋಪ್ಲಾಸ್ಟ್ ಎಂಬ ಕಂಪನಿ ಹುಟ್ಟಿದ್ದು ಈ ಒಂದು ಚೀಲದಿಂದ.

ಚೀಲ ಬಂದರೂ ಚರ್ಮದ ಸಮಸ್ಯೆ ಇತ್ತು. ಇಲ್ಲಿ ಕತೆಗೆ ಭಾರತ ಬರುತ್ತದೆ. ನಮ್ಮ ಒಣ ಕಾಡುಗಳ ಒಂದು ಮರದ ತೊಗಟೆಗೆ ಗಾಯ ಮಾಡಿದರೆ ಕರಾಯ ಎಂಬ ಗೋಂದು ಒಸರುತ್ತದೆ. ಕಾಡಿನ ಜನ ಅದನ್ನು ಕೂಡಿಸಿ ಮಾರುತ್ತಾರೆ. ಅದರ ಪುಡಿ ಕಟ್ಟುಹಲ್ಲು ಅಂಟಿಸಲು ಪರದೇಶಕ್ಕೆ ಹೋಗುತ್ತಿತ್ತು. ಒದ್ದೆಯಾದ ಚರ್ಮಕ್ಕೂ ಇದು ಹಿಡಿದುಕೊಳ್ಳುತ್ತದೆ, ಮೇಲಾಗಿ ಹುಣ್ಣನ್ನು ಮಾಯಿಸುತ್ತದೆ ಎಂಬುದನ್ನು 1950ರ ದಶಕದ ಆರಂಭದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಕಂಡುಕೊಂಡ. ಕರಾಯದ ಉಂಗುರ ಚೀಲಕ್ಕೂ ಚರ್ಮಕ್ಕೂ ನಡುವಿನ ತಡೆಯಾಯಿತು. ಮುಂದೆ ಭಾರತ ಸರ್ಕಾರದ ಆಮದು ಸುಂಕದ ರಿಯಾಯಿತಿ ಪಟ್ಟಿಯಲ್ಲಿ ಸ್ಟೋಮಾ ಸಾಮಗ್ರಿಗಳ ಸಾಲಿನಲ್ಲಿ ‘ಕರಾಯ ಸೀಲ್’ ಎಂಬ ಹೆಸರು ಸೇರಿತು. ನಮ್ಮ ಗೋಂದು ನಮಗೇ ಆಮದು! ಈಗ ಇದಕ್ಕಿಂತ ಹೆಚ್ಚು ತಾಳುವ ಕೃತಕ ಅಂಟುಗಳು ಬಂದಿವೆ.

ಅದೇ ಟರ್ನ್‌ಬುಲ್ ಇನ್ನೊಂದು ಕೆಲಸ ಮಾಡಿದ. ತಾನೇ ಆಪರೇಶನ್ ಮಾಡಿ ಸ್ಟೋಮಾ ಕೊಟ್ಟಿದ್ದ ನೋರ್ಮಾ ಗಿಲ್ ಎಂಬ ಗೃಹಿಣಿಯನ್ನು 1958ರಲ್ಲಿ ಆಸ್ಪತ್ರೆಯ ನೌಕರಿಗೆ ಕರೆದ. ಚೀಲ ಹೇಗೆ ಹಾಕಬೇಕು, ಉಡುಪು ಹೇಗಿರಬೇಕು ಎಂದು ಹೊಸ ರೋಗಿಗಳಿಗೆ ಹೇಳಲು ಅವಳಿಗಿಂತ ಬಲ್ಲವರು ಯಾರು? 1961ರಲ್ಲಿ ಇಬ್ಬರೂ ಸೇರಿ ಇದಕ್ಕೊಂದು ತರಬೇತಿ ಶಾಲೆಯನ್ನೇ ತೆರೆದರು. ಸ್ಟೋಮಾ ಆದವರು ಕೆಲಸಕ್ಕೆ ಮರಳಿದ ಚರಿತ್ರೆಯಲ್ಲಿ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ: ಅವಳ ಕೆಲಸವೇ ಅವಳ ಸ್ಟೋಮಾದಿಂದ ಬಂದದ್ದು. ಭಾರತದಲ್ಲಿ ಇಂಥ ದಾದಿಯರ ತರಬೇತಿಗೆ ಟಾಟಾ ಮೆಮೋರಿಯಲ್ ಆಸ್ಪತ್ರೆಯೇ ಮುಂದಾಯಿತು. ಮುಂಬಯಿಯಲ್ಲಿ ಸ್ಟೋಮಾ ಆದವರದೇ ಒಂದು ರಾಷ್ಟ್ರಮಟ್ಟದ ಸಂಘವೂ ಹುಟ್ಟಿತು.

ಈ ದಾದಿಯರು ಮಾಡುವ ಮೊದಲ ಕೆಲಸ ಆಪರೇಶನ್ನಿಗೆ ಹಿಂದಿನ ದಿನವೇ ನಡೆಯುತ್ತದೆ. ರೋಗಿಯನ್ನು ಮಲಗಿಸಿ, ಕೂಡಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ, ಹೊಟ್ಟೆಯ ಮೇಲೆ ಸ್ಟೋಮಾ ಎಲ್ಲಿ ಬರಬೇಕೆಂದು ಪೆನ್ನಿನಿಂದ ಗುರುತು ಹಾಕುತ್ತಾರೆ. ಮಡಿಕೆ ಬೀಳುವಲ್ಲಿ ಬಂದರೆ ಚೀಲ ಏಳುತ್ತದೆ. ಕಾಣದ ಜಾಗದಲ್ಲಿ ಬಂದರೆ ರೋಗಿ ತಾನೇ ಬದಲಿಸಲಾರ. ಪಾಶ್ಚಾತ್ಯರ ಪುಸ್ತಕ ಪ್ಯಾಂಟಿನ ಬೆಲ್ಟನ್ನು ತಪ್ಪಿಸಬೇಕು ಎನ್ನುತ್ತದೆ. ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಧೋತರದ ಕಟ್ಟು ಎಲ್ಲಿ ಬರುತ್ತದೆ? ಸೀರೆಯ ನಿರಿಗೆ ಎಲ್ಲಿ ಸಿಕ್ಕಿಸುತ್ತೀರಿ, ಲಂಗದ ಲಾಡಿ ಎಷ್ಟು ಬಿಗಿ? ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತೀರೋ? ಕುಕ್ಕರಗಾಲಲ್ಲಿ ಕೂಡುವ ಕೆಲಸವೋ? ಎರಡು ಸೆಂಟಿಮೀಟರ್ ಆಚೀಚೆ ಆದರೂ ಒಬ್ಬನ ಕಸುಬು ಹೋಗಬಹುದು, ಉಳಿಯಬಹುದು.

1962ರಲ್ಲಿ ಒಂದೇ ಮಹಾನಗರಪಾಲಿಕೆಗೆ ಸೇರಿದರೂ ಈ ಎರಡು ಊರುಗಳ ಕಸುಬು ಒಂದೇ ಅಲ್ಲ. ಧಾರವಾಡ ಬಹುಮಟ್ಟಿಗೆ ಕೂತು ಕೆಲಸ ಮಾಡುವ ಊರು: ಮಾಸ್ತರರು, ಕಾರಕೂನರು, ವಕೀಲರು. ಇಲ್ಲಿ ಭಾರ ಎತ್ತುವ ಚಿಂತೆ ಇಲ್ಲ. ಆರರಿಂದ ಎಂಟು ವಾರಗಳಲ್ಲಿ ಅನೇಕರು ಮೇಜಿಗೆ ಮರಳಬಲ್ಲರು. ಆದರೆ ನಲವತ್ತು ಮಕ್ಕಳು ಸುಮ್ಮನೆ ಕೂತ ತರಗತಿಯಲ್ಲಿ ಹೊಟ್ಟೆಯ ಚೀಲ ಸದ್ದು ಮಾಡಿದರೆ ಮಾಸ್ತರರ ಗತಿಯೇನು? ಹುಬ್ಬಳ್ಳಿಯಲ್ಲಿ ಕೆಲಸವೆಂದರೆ ನಿಲ್ಲುವುದು, ಓಡುವುದು, ಎತ್ತುವುದು. ವರ್ಕ್‌ಶಾಪಿನ ಫಿಟ್ಟರಿಗೆ ಸದ್ದಿನ ಭಯವಿಲ್ಲ, ಅವನ ಭಯ ಭಾರದ್ದು. ಕರುಳನ್ನು ಹೊರತಂದ ಜಾಗದಲ್ಲಿ ಹೊಟ್ಟೆಯ ಗೋಡೆ ಸಹಜವಾಗಿಯೇ ದುರ್ಬಲ. ಬೇಗನೆ ಭಾರ ಎತ್ತಿದರೆ ಸ್ಟೋಮಾದ ಸುತ್ತ ಹರ್ನಿಯಾ ಆಗುತ್ತದೆ. ಅಮರಗೋಳದ ಎ.ಪಿ.ಎಂ.ಸಿ. ಹಮಾಲನ ಮಟ್ಟಿಗೆ ಇದು ತೀರ ಕಠಿಣವಾದ ಮಾತು. ಬೆನ್ನಿನ ಚೀಲ ಹೊತ್ತರೆ ಅನ್ನ, ಹೊಟ್ಟೆಯ ಚೀಲ ಇದ್ದರೆ ಬೆನ್ನಿನ ಚೀಲ ಇಲ್ಲ. ಅವನಿಗೆ ಬೇರೆ ಕೆಲಸವನ್ನೇ ಹುಡುಕಬೇಕಾದೀತು. ಬಸ್ ಕಂಡಕ್ಟರನದು ಇನ್ನೊಂದು ತೊಡಕು: ಹೆಗಲಿನಿಂದ ಇಳಿಬಿದ್ದ ರೊಕ್ಕದ ಚೀಲ ಎಡಸೊಂಟಕ್ಕೇ ಬಂದು ಬಡಿಯುತ್ತಿದ್ದರೆ ಅದನ್ನು ಬಲಕ್ಕೆ ಬದಲಿಸುವುದನ್ನು ಕಲಿಯಬೇಕು. ಇವೆಲ್ಲ ಸಣ್ಣ ಸಂಗತಿಗಳು. ಆದರೆ ವೈದ್ಯಕೀಯ ಪ್ರಮಾಣಪತ್ರದಲ್ಲಿ ‘ಫಿಟ್’ ಎಂಬ ಒಂದೇ ಶಬ್ದ ಇರುತ್ತದೆ.

ಊಟದ ಮಾತೂ ಇದೆ. ಶೇಂಗಾ, ಕಾಳುಪಲ್ಯ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಅಂದರೆ ಈ ಭಾಗದ ಊಟಕ್ಕೆ ರುಚಿ ಕೊಡುವುದೆಲ್ಲ ವಾಯುವನ್ನೂ ವಾಸನೆಯನ್ನೂ ಕೊಡುತ್ತದೆ. ಮಜ್ಜಿಗೆ ವಾಸನೆಯನ್ನು ಕಡಿಮೆ ಮಾಡುತ್ತದೆಂಬುದು ಒಂದು ಸಮಾಧಾನ. ಇದಕ್ಕಿಂತ ದೊಡ್ಡದು ನೀರು. ಎಡಬದಿಯ ಶಾಶ್ವತ ಸ್ಟೋಮಾ ಇರುವ ಕೆಲವರಿಗೆ ವೈದ್ಯರು ‘ಇರಿಗೇಶನ್’ ಕಲಿಸುತ್ತಾರೆ. ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ, ಸುಮಾರು ಒಂದು ಲೀಟರ್ ಉಗುರುಬೆಚ್ಚನೆಯ ನೀರನ್ನು ಸ್ಟೋಮಾದ ಮೂಲಕ ಬಿಟ್ಟು ಕರುಳನ್ನು ತೊಳೆದುಬಿಟ್ಟರೆ ಮುಂದಿನ ಹೊತ್ತೆಲ್ಲ ನಿಶ್ಚಿಂತೆ. ಚೀಲದ ಬದಲು ಸಣ್ಣ ಪಟ್ಟಿ ಸಾಕಾದೀತು. ನೌಕರಿಗೆ ಹೋಗುವವರಿಗೆ ಇದು ವರದಾನ, ಖರ್ಚೂ ಕಡಿಮೆ. ಆದರೆ ಇದಕ್ಕೆ ಪಾಯಖಾನೆಯಲ್ಲಿ ಒಂದು ತಾಸು ಬೇಕು, ಮೇಲೆ ತೊಳೆಯಲು ನೀರು ಬೇಕು. ಮಲಪ್ರಭೆಯಿಂದಲೂ ನೀರಸಾಗರದಿಂದಲೂ ನೀರು ತರಿಸಿಕೊಂಡೂ ನಲ್ಲಿಗೆ ವಾರಗಟ್ಟಲೆ ಕಾದ ಊರುಗಳಿವು. 2008ರ ಹೊತ್ತಿಗೆ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಬರತೊಡಗಿದಾಗ ಅದನ್ನು ಎಲ್ಲರೂ ಅನುಕೂಲವೆಂದರು. ವಠಾರದ ಒಂದೇ ಪಾಯಖಾನೆಯ ಮುಂದೆ ಬಿಂದಿಗೆ ಹಿಡಿದು ನಿಂತ ಸ್ಟೋಮಾದ ಮನುಷ್ಯನಿಗೆ ಅನುಕೂಲ ಎಂಬುದು ಸಣ್ಣ ಶಬ್ದ.

ಇನ್ನು ಮೈಲಿಗೆ. ಬಲಗೈ ಊಟಕ್ಕೆ, ಎಡಗೈ ಶೌಚಕ್ಕೆ ಎಂದು ದೇಹವನ್ನೇ ಭಾಗ ಮಾಡಿಕೊಂಡ ಸಮಾಜದಲ್ಲಿ, ಮಲ ಹೊಟ್ಟೆಯ ಮುಂದೆಯೇ ಬಂದು ಕೂತರೆ ಪಂಕ್ತಿಯಲ್ಲಿ ಎಲ್ಲಿ ಕೂಡಬೇಕು, ದೇವರಿಗೆ ಹೇಗೆ ಕೈಮುಗಿಯಬೇಕು? ಅನೇಕರು ಕಚೇರಿಗಿಂತ ಮೊದಲು ಬಿಡುವುದು ಗುಡಿಯನ್ನು. ಧರ್ಮಗಳು ಇಷ್ಟು ಕಠಿಣವಾಗಿಲ್ಲ. ಸ್ರಾವ ನಿಲ್ಲದ ರೋಗಿ ಪ್ರತಿ ನಮಾಜಿನ ಹೊತ್ತಿಗೆ ಹೊಸದಾಗಿ ವಝೂ ಮಾಡಿಕೊಂಡರೆ ಸಾಕೆಂದು ಇಸ್ಲಾಮಿನ ನ್ಯಾಯಶಾಸ್ತ್ರ ಶತಮಾನಗಳ ಹಿಂದೆಯೇ ವಿನಾಯಿತಿ ಕೊಟ್ಟಿದೆ. ಈ ಭಾಗದ ಲಿಂಗಾಯತರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದವರು. ಆರನೆಯದೊಂದನ್ನು ಹೊಸದಾಗಿ ಹುಟ್ಟಿಸಿಕೊಳ್ಳಲು ಅವರಿಗೂ ಕಾರಣವಿಲ್ಲ. ಹಾಗೆ ನೋಡಿದರೆ ಬಾಯಿ ಮುಚ್ಚಿದ ಪ್ಲಾಸ್ಟಿಕ್ ಚೀಲದೊಳಗೆ ಇರುವುದು ಪ್ರತಿಯೊಬ್ಬರ ಹೊಟ್ಟೆಯೊಳಗೂ ಇರುವುದೇ.

ಕಾನೂನು ಏನು ಹೇಳುತ್ತದೆ? ಸೇವೆಯಲ್ಲಿರುವಾಗ ಅಂಗವಿಕಲನಾದ ನೌಕರನನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ; ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎಂದು 1995ರ ಕಾಯ್ದೆಯ 47ನೇ ಕಲಂ ಹೇಳಿತು. ಇದರ ಅರ್ಥವನ್ನು ಗಟ್ಟಿಮಾಡಿದ್ದು ಕಾಲು ಕಳೆದುಕೊಂಡ ಒಬ್ಬ ಪೇದೆಯ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಅದನ್ನು ಬರೆದವರು ರಾಯಚೂರು ಜಿಲ್ಲೆಯವರಾದ ನ್ಯಾಯಮೂರ್ತಿ ಶಿವರಾಜ ಪಾಟೀಲರು. 2016ರ ಹೊಸ ಕಾಯ್ದೆ 20ನೇ ಕಲಮಿನಲ್ಲಿ ಅದೇ ರಕ್ಷಣೆಯನ್ನು ಉಳಿಸಿಕೊಂಡಿತು, ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಆ 21ರಲ್ಲಿ ಸ್ಟೋಮಾ ಇಲ್ಲ. ಇ.ಎಸ್.ಐ. ಚಂದಾ ಕಟ್ಟುವ ಕಾರ್ಮಿಕನಿಗೆ ಕ್ಯಾನ್ಸರ್ ಬಂದರೆ ಸಂಬಳದ ಶೇಕಡ 80ರಷ್ಟು ಭತ್ಯೆ ಎರಡು ವರ್ಷದ ತನಕ ಸಿಗಬಹುದು. ಅದು ಮನೆಯಲ್ಲಿ ಇರುವವನಿಗೆ. ಮರಳಿ ದುಡಿಯಲು ಬಂದವನು ಕೇಳುವುದು ಬಹಳ ಅಲ್ಲ: ಒಳಗಿನಿಂದ ಚಿಲಕ ಇರುವ ಪಾಯಖಾನೆ, ಅದರಲ್ಲಿ ನೀರು, ಒಂದು ಮುಚ್ಚಳದ ಬುಟ್ಟಿ, ನಡುವೆ ಹತ್ತು ನಿಮಿಷದ ಬಿಡುವು. ದುರ್ಗದಬೈಲಿನ ಕೈಗಾಡಿಯವನಿಗೆ, ನಾಲ್ಕು ಮನೆ ಪಾತ್ರೆ ತಿಕ್ಕುವ ಹೆಂಗಸಿಗೆ ಇದನ್ನೂ ಕೇಳಲು ಮಾಲೀಕನೆಂಬವನಿಲ್ಲ. ಚೀಲದ ಖರ್ಚು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಎಸೆಯಬೇಕಾದ ಚೀಲವನ್ನು ತೊಳೆದು, ಒಣಗಿಸಿ, ಮತ್ತೆ ಅಂಟಿಸುವುದು ಇಲ್ಲಿಂದ ಹುಟ್ಟುತ್ತದೆ. ಸೋರುವುದೂ ಆಗಲೇ.

ಅಂಗವೈಕಲ್ಯದ ಪಟ್ಟಿ ಮರೆತವರನ್ನು ನೆನೆದ ಒಂದು ಪಟ್ಟಿ ಇದೆ, ಅದೂ ರೈಲ್ವೆಯದು. ರೈಲಿನ ರಿಯಾಯಿತಿ ನಿಯಮಗಳಲ್ಲಿ ರೋಗಿಗಳ ಹಲವು ವರ್ಗಗಳಿವೆ. ಕ್ಯಾನ್ಸರ್, ಹೃದಯ, ಮೂತ್ರಪಿಂಡದ ರೋಗಿಗಳಿಗೆ ರಿಯಾಯಿತಿ ಸಿಗುವುದು ಆಸ್ಪತ್ರೆಗೆ ಹೋಗಿಬರಲು. ಸ್ಟೋಮಾ ಆದವರ ಸಾಲು ಬೇರೆ ಬಗೆಯದು. ಅವರಿಗೆ ಮೊದಲ ಮತ್ತು ಎರಡನೆಯ ದರ್ಜೆಯ ಮಾಸಿಕ ಹಾಗೂ ತ್ರೈಮಾಸಿಕ ಸೀಸನ್ ಪಾಸಿನಲ್ಲಿ ಅರ್ಧ ದರ. ಸೀಸನ್ ಪಾಸು ತೆಗೆಯುವವರು ದಿನವೂ ಹೋಗಿ ಸಂಜೆ ಮರಳುವವರು: ಗದಗಿನಿಂದ, ಅಣ್ಣಿಗೇರಿಯಿಂದ, ಧಾರವಾಡದಿಂದ ಹುಬ್ಬಳ್ಳಿಗೆ ಬರುವ ನೌಕರರು, ವ್ಯಾಪಾರಿಗಳು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಹಿರಿಯ ನಾಗರಿಕರ ರಿಯಾಯಿತಿಯೂ ಸೇರಿ ಬಹಳಷ್ಟು ರಿಯಾಯಿತಿಗಳು ನಿಂತಾಗ ರೋಗಿಗಳ 11 ವರ್ಗಗಳನ್ನು ಮುಟ್ಟಲಿಲ್ಲ. ಸ್ಟೋಮಾದವರು ಅವುಗಳಲ್ಲಿ ಒಬ್ಬರು. ಪ್ರಯಾಣದ ಉದ್ದೇಶ ಎಂಬ ಕಲಮಿನಲ್ಲಿ ಉಳಿದ ರೋಗಿಗಳಿಗೆ ಚಿಕಿತ್ಸೆ, ತಪಾಸಣೆ ಎಂದಿದೆ. ಇವರ ಎದುರಿಗೆ ಬರೆದಿರುವುದು: ಯಾವುದೇ ಉದ್ದೇಶಕ್ಕೆ.